ನಮ್ಮ ಹತ್ರ ಎಲ್ಲಾ ಇದೆ

ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ನಾನು ಆಡಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಕೆಟ್ಟ ಮಾತಲ್ಲ. ಸುಳ್ಳೂ ಅಲ್ಲ. ಆಸ್ಟ್ರೇಲಿಯಾದ ಅಡಿಲೇಡಿನಿಂದ ಉತ್ತರಕ್ಕೆ, ಫ್ಲಿಂಡರ್ಸ್ ಬೆಟ್ಟಗಳ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಊರಿಗೆಲ್ಲ ಒಂದೇ ಅಂಗಡಿ. ಡೀಸೆಲ್ಲು, ಅಂಚೆ, ಬ್ರೆಡ್ಡು, ಹಾಲು, ಮೊಳೆ, ಹಗ್ಗ ಎಲ್ಲವೂ ಅಲ್ಲೇ. ಕೌಂಟರಿನ ಹಿಂದೆ ಇದ್ದ ವಯಸ್ಸಾದ ಹೆಂಗಸು "ಏನಾದ್ರೂ ಬೇಕಿತ್ತಾ?" ಅಂತ ಕೇಳಿದರು. "ಬೇಡ, ನಮ್ಮ ಹತ್ರ ಎಲ್ಲಾ ಇದೆ" ಅಂದೆ. "ಸರಿ, ಹುಷಾರಾಗಿ ಹೋಗಿ" ಅಂದರು. ನಾವು ಹೊರಟೆವು. ಅಷ್ಟೇ ನಡೆದದ್ದು.

ಎಲ್ಲಾ ಇತ್ತು ಅನ್ನೋದು ನಿಜ. ಹೊರಗೆ ನಿಂತಿದ್ದ ನಮ್ಮ ಕ್ಯಾರವಾನಿನಲ್ಲಿ ಹತ್ತು ಕೆಜಿ ಸೋನಾ ಮಸೂರಿ, ತೊಗರಿಬೇಳೆ, ಹುರಿದಿಟ್ಟ ರವೆ, ಸಾರಿನ ಪುಡಿ, ಎರಡು ಬಗೆ ಚಟ್ನಿಪುಡಿ, ಒಂದು ಮೂಟೆ ಈರುಳ್ಳಿ, ಎರಡು ಗ್ಯಾಸ್ ಸಿಲಿಂಡರ್, ಫ್ರಿಜ್ ತುಂಬ ತರಕಾರಿ. ಅಪ್ಪ ಅರಸೀಕೆರೆಯಿಂದ ತಂದಿದ್ದ ನಿಪ್ಪಟ್ಟು ಬೇರೆ. ಹದಿನಾಲ್ಕು ದಿನದ ಪ್ರವಾಸಕ್ಕೆ ಒಂದು ತಿಂಗಳಿಗೆ ಆಗುವಷ್ಟು ಸಾಮಾನು. ಆದರೂ ಆ ಮಾತು ಯಾಕೆ ಹೀಗೆ ಕೊರೆಯುತ್ತಿದೆ ಅಂತ ಯೋಚಿಸುತ್ತಾ ಇದನ್ನು ಬರೆಯುತ್ತಿದ್ದೇನೆ.

ಮನೆಯನ್ನೇ ಎಳೆದುಕೊಂಡು

ಇಲ್ಲಿರುವ ಕನ್ನಡದವರಿಗೆ ಕ್ಯಾರವಾನ್ ಪ್ರವಾಸ ಹೇಗಿರುತ್ತೆ ಅಂತ ಜಾಸ್ತಿ ಹೇಳಬೇಕಿಲ್ಲ. ಊರಿನಲ್ಲಿ ಓದುತ್ತಿರುವವರಿಗೆ ಮಾತ್ರ ಎರಡು ಮಾತು. ಕಾರಿನ ಹಿಂದೆ ಕೊಕ್ಕೆ ಹಾಕಿ ಒಂದು ಪುಟ್ಟ ಮನೆಯನ್ನು ಎಳೆದುಕೊಂಡು ಹೋಗುವುದು. ಒಳಗೆ ಹಾಸಿಗೆ, ಒಲೆ, ಸಿಂಕು, ಫ್ರಿಜ್ಜು, ಒಂದು ಚಿಕ್ಕ ಟಾಯ್ಲೆಟ್ಟು. ಕೆಳಗೆ ನೀರಿನ ಎರಡು ಟ್ಯಾಂಕು, ಮೇಲೆ ಸೋಲಾರ್. ಚಳಿಗಾಲ ಬಂತು ಅಂದರೆ ರಿಟೈರ್ ಆದ ಗಂಡ ಹೆಂಡತಿಯರು ಸಾವಿರಾರು ಸಂಖ್ಯೆಯಲ್ಲಿ ಹೀಗೆ ಉತ್ತರಕ್ಕೆ ಹೊರಡುತ್ತಾರೆ. ಅವರಿಗೆ ಗ್ರೇ ನೋಮ್ಯಾಡ್ ಅಂತಲೇ ಹೆಸರು. ಕೆಲವರು ವರ್ಷಗಟ್ಟಲೆ ದೇಶ ಸುತ್ತುತ್ತಾರೆ. ನಮ್ಮದು ಹಾಗಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮಗಳಿಗೆ ಶಾಲೆ. ಜುಲೈ ರಜದಲ್ಲಿ ಎರಡು ವಾರ ಸಿಕ್ಕರೆ ಅದೇ ಹಬ್ಬ.

ಈ ಪ್ರವಾಸದ ಚೆಂದ ಇರೋದು ನಿಧಾನದಲ್ಲಿ. ಹಿಂದೆ ಎರಡು ಟನ್ ಭಾರ ಇದ್ದಾಗ ಅವಸರ ಮಾಡೋಕೆ ಆಗಲ್ಲ. ಸಂಜೆ ನಾಲ್ಕರೊಳಗೆ ಎಲ್ಲಾದರೂ ನಿಲ್ಲಿಸಲೇಬೇಕು, ಯಾಕಂದರೆ ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ಬರುತ್ತವೆ. ಎದುರು ಬರುವ ಪ್ರತಿಯೊಂದು ಗಾಡಿಯವರೂ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ. ನಾವೂ ಎತ್ತಬೇಕು. ಅಪ್ಪನಿಗೆ ಅದು ಬಹಳ ಇಷ್ಟವಾಯಿತು. ಎರಡನೇ ದಿನದಿಂದ ಹಿಂದಿನ ಸೀಟಿನಲ್ಲಿ ಕೂತೇ ಎಲ್ಲರಿಗೂ ಕೈ ಎತ್ತುತ್ತಿದ್ದರು. ಅಪ್ಪ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಹೋಗುವ ಗಾಡಿಗೆ ಕೈ ತೋರಿಸೋದು ಅವರಿಗೆ ಹೊಸದಲ್ಲ.

ಈಗ ಆ ಊರುಗಳು ನಮಗೆ ಏನು ಕೊಡುತ್ತವೆ ನೋಡಿ. ರಾತ್ರಿ ನಿಲ್ಲಿಸೋಕೆ ಜಾಗ. ಎಷ್ಟೋ ಕಡೆ ಒಂದು ರೂಪಾಯಿ ಕೇಳಲ್ಲ, ಊರ ಮೈದಾನದ ಪಕ್ಕದಲ್ಲೇ ಜಾಗ ಬಿಟ್ಟಿರುತ್ತಾರೆ. ಕುಡಿಯುವ ನೀರಿನ ನಲ್ಲಿ. ನಮ್ಮ ಟಾಯ್ಲೆಟ್ಟಿನ ಡಬ್ಬಿಯನ್ನು ಖಾಲಿ ಮಾಡಿ ತೊಳೆಯುವುದಕ್ಕೆ ಡಂಪ್ ಪಾಯಿಂಟ್ ಅಂತ ಒಂದು ಕಟ್ಟೆ. ಮಕ್ಕಳಿಗೆ ಜೋಕಾಲಿ, ಮಾಂಸ ಸುಡುವವರಿಗೆ ಒಲೆ. ಇಂಥ ಸೌಕರ್ಯ ಕೊಟ್ಟ ಊರಿಗೆ ಕ್ಯಾಂಪರ್‌ವ್ಯಾನ್ ಮತ್ತು ಮೋಟಾರ್‌ಹೋಮ್ ಕ್ಲಬ್ಬಿನವರು 'ಆರ್‌ವಿ ಫ್ರೆಂಡ್ಲಿ ಟೌನ್' ಅಂತ, ಅಂದರೆ ಇಂಥ ಮನೆಗಾಡಿಯವರಿಗೆ ಅನುಕೂಲದ ಊರು ಅಂತ, ಬೋರ್ಡು ಕೊಡುತ್ತಾರೆ. ಊರ ಬಾಗಿಲಲ್ಲೇ ಅದನ್ನು ನೆಟ್ಟಿರುತ್ತಾರೆ. ಅದರ ಹಿಂದೆ ಇರೋದು ಒಂದು ಆಸೆ. ನಿಂತವರು ಒಂದು ಕಾಫಿ ಕುಡಿದಾರು, ಡೀಸೆಲ್ ಹಾಕಿಸಿಯಾರು, ಕಟುಕನ ಅಂಗಡಿಗೆ ಹೋದಾರು ಅಂತ.

ಆ ಅಂಗಡಿಯ ಊರಿನಲ್ಲಿ ನಾವು ಮಾಡಿದ್ದು ಇಷ್ಟು. ರಾತ್ರಿ ಬಿಟ್ಟಿಯಾಗಿ ಮಲಗಿದೆವು. ಬೆಳಿಗ್ಗೆ ಡಬ್ಬಿ ಖಾಲಿ ಮಾಡಿದೆವು. ಎರಡೂ ಟ್ಯಾಂಕಿಗೆ ನೀರು ತುಂಬಿಸಿಕೊಂಡೆವು, 160 ಲೀಟರ್. ಮಗಳು ಜೋಕಾಲಿ ಆಡಿದಳು. ಡೀಸೆಲ್ ಬೇಕಿರಲಿಲ್ಲ, ಹಿಂದಿನ ದೊಡ್ಡ ಊರಿನಲ್ಲಿ ಲೀಟರಿಗೆ ಹದಿನೈದು ಸೆಂಟು ಕಡಿಮೆ ಅಂತ ಅಲ್ಲೇ ತುಂಬಿಸಿದ್ದೆವು. ಅಂಗಡಿಗೆ ಹೋದದ್ದು ಮುಂದಿನ ಮಣ್ಣಿನ ರಸ್ತೆ ಹೇಗಿದೆ ಅಂತ ಕೇಳೋಕೆ. ಆಕೆ ಸಾವಧಾನವಾಗಿ ಹೇಳಿದರು. ಎಲ್ಲಿ ಟೈರಿನ ಗಾಳಿ ಇಳಿಸಬೇಕು, ಯಾವ ಹಳ್ಳ ದಾಟುವಾಗ ಹುಷಾರಾಗಿರಬೇಕು, ಎಲ್ಲಾ. ಅಪ್ಪ ನಿಂತಿದ್ದು ನೋಡಿ ಒಳಗಿಂದ ಒಂದು ಕುರ್ಚಿ ತಂದು ಹಾಕಿದರು. ಒಂದು ಲೋಟ ನೀರು ಕೊಟ್ಟರು. ಅಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಪೂರ್ತಿ ಕುಡಿದರು. ಆಮೇಲೆ ಆಕೆ ಆ ಪ್ರಶ್ನೆ ಕೇಳಿದ್ದು, ನಾನು ಹಾಗೆ ಹೇಳಿದ್ದು.

ಕಾರು ಹೊರಟು ಹತ್ತು ಕಿಲೋಮೀಟರ್ ಆಗಿರಬಹುದು. ಅಪ್ಪ ಹಿಂದಿನಿಂದ "ಒಂದು ಬೆಂಕಿಪೊಟ್ಟಣನಾದ್ರೂ ತಗೋಬಹುದಿತ್ತು ಕಣಮ್ಮ" ಅಂದರು.

"ಗ್ಯಾಸ್ ಲೈಟರ್ ಇದೆಯಲ್ಲಪ್ಪ" ಅಂದೆ.

"ಇದೆ. ನಮಗೆ ಬೇಕು ಅಂತಲ್ಲ."

ಅಷ್ಟಕ್ಕೇ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡಂತೆ "ನಮ್ಮದು ಟೆಕ್ನಿಕಲ್ ಹಾಲ್ಟ್ ಆಯ್ತು" ಅಂದರು.

ಟೆಕ್ನಿಕಲ್ ಹಾಲ್ಟ್

ರೈಲ್ವೆಯವರ ಮನೆಯಲ್ಲಿ ಬೆಳೆದ ನನಗೆ ಆ ಮಾತು ಚೆನ್ನಾಗಿ ಗೊತ್ತು. ಗಾಡಿ ನಿಲ್ಲುತ್ತದೆ. ಆದರೆ ಪ್ರಯಾಣಿಕರಿಗಾಗಿ ನಿಲ್ಲುವುದಲ್ಲ. ಡ್ರೈವರ್ ಬದಲಾಗಬೇಕು, ಬೋಗಿಗಳಿಗೆ ನೀರು ತುಂಬಬೇಕು, ಎದುರಿಂದ ಬರುವ ಗಾಡಿಗೆ ದಾರಿ ಬಿಡಬೇಕು. ಟೈಂಟೇಬಲ್‌ನಲ್ಲಿ ಆ ಊರಿನ ಹೆಸರೇ ಇರಲ್ಲ. ಯಾರೂ ಇಳಿಯಲ್ಲ, ಯಾರೂ ಹತ್ತಲ್ಲ. ಕಿಟಕಿಯಿಂದ ನೋಡುವವರಿಗೆ ಊರು ಕಾಣುತ್ತದೆ, ಊರಿನವರಿಗೆ ಗಾಡಿ ಕಾಣುತ್ತದೆ. ಅಪ್ಪ ಕೆಲಸ ಮಾಡುತ್ತಿದ್ದ ಒಂದು ಸ್ಟೇಷನ್ನಿನಲ್ಲಿ ಮೊದಲು ಎಲ್ಲ ಪ್ಯಾಸೆಂಜರ್ ಗಾಡಿಗಳೂ ನಿಲ್ಲುತ್ತಿದ್ದವು. ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬರು ಇಡ್ಲಿ ವಡೆ ಮಾರುತ್ತಿದ್ದರು, ಮುತ್ತುಗದ ಎಲೆಯಲ್ಲಿ ಕಟ್ಟಿ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಗಾಡಿಗಳು ಜಾಸ್ತಿ ಆದವು, ನಿಲ್ಲುವುದು ಕಡಿಮೆ ಆಯಿತು. ನಿಂತರೂ ಕ್ರಾಸಿಂಗಿಗೆ ಅಂತ ನಿಲ್ಲುವುದು, ಅದೂ ಪ್ಲಾಟ್‌ಫಾರಮ್ ಇಲ್ಲದ ಲೈನಿನಲ್ಲಿ. ಇಡ್ಲಿಯವರು ಸ್ವಲ್ಪ ದಿನ ಬುಟ್ಟಿ ಹೊತ್ತುಕೊಂಡು ಹಳಿ ದಾಟಿ ಹೋಗಿ ಕೂಗುತ್ತಿದ್ದರು. ಆಮೇಲೆ ಬರೋದು ಬಿಟ್ಟರು.

ಅಪ್ಪನಿಗೆ ಅವರ ನೆನಪಾಗಿರಬೇಕು. ನನಗೆ ಆಗ ಹೊಳೆಯಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಊರನ್ನೂ ನಾನು ಬೇರೆ ಥರ ನೋಡತೊಡಗಿದೆ.

ಈ ಕಡೆಯ ಊರುಗಳ ಕಥೆ ಶುರುವಾಗುವುದೇ ಒಂದು ಗೆರೆಯಿಂದ. 1865ರಲ್ಲಿ ದೊಡ್ಡ ಬರ ಬಂದಿತ್ತು. ಜಾರ್ಜ್ ಗಾಯ್ಡರ್ ಅಂತ ಇಲ್ಲಿನ ಸರ್ವೇಯರ್ ಜನರಲ್. ಬರ ಎಲ್ಲಿಯವರೆಗೆ ಬಂದಿದೆ ಅಂತ ನೋಡೋಕೆ ಕುದುರೆ ಹತ್ತಿ ಹೊರಟು ಸುಮಾರು 3,000 ಕಿಲೋಮೀಟರ್ ಸುತ್ತಿದರು. ಅವರು ಜಾಸ್ತಿ ಗಮನಿಸಿದ್ದು ಗಿಡಗಳನ್ನು. ದಕ್ಷಿಣದಲ್ಲಿ ಮ್ಯಾಲಿ ಅನ್ನುವ ಕುಳ್ಳ ನೀಲಗಿರಿ ಜಾತಿಯ ಮರಗಳು, ಉತ್ತರದಲ್ಲಿ ಸಾಲ್ಟ್‌ಬುಷ್ ಅನ್ನುವ ಬೂದು ಬಣ್ಣದ ಪೊದೆಗಳು. ಒಂದು ಮುಗಿದು ಇನ್ನೊಂದು ಶುರುವಾಗುವ ಕಡೆ ನಕ್ಷೆಯ ಮೇಲೆ ಗೆರೆ ಎಳೆದರು. ಇದರ ಉತ್ತರಕ್ಕೆ ಬೇಸಾಯ ನಂಬಬೇಡಿ, ಕುರಿ ದನ ಮಾತ್ರ ಸಾಕಿ ಅಂತ. ಗೆರೆಯ ಹತ್ತಿರ ವರ್ಷಕ್ಕೆ 250ರಿಂದ 300 ಮಿಲಿಮೀಟರ್ ಮಳೆ. ನಮ್ಮ ಚಳ್ಳಕೆರೆಗೂ ಇದಕ್ಕಿಂತ ಜಾಸ್ತಿ ಬೀಳುತ್ತದೆ.

ಆದರೆ 1870ರ ದಶಕದಲ್ಲಿ ಕೆಲವು ವರ್ಷ ಒಳ್ಳೆ ಮಳೆ ಆಯಿತು. ಗೆರೆ ಸುಳ್ಳು ಅಂದರು. ನೇಗಿಲು ಹೋದ ಕಡೆ ಮಳೆ ತಾನಾಗಿ ಹಿಂದೆ ಬರುತ್ತದೆ ಅಂತ ಒಂದು ನಂಬಿಕೆಯೂ ಆಗ ಇತ್ತು. ಸರ್ಕಾರ ಗೆರೆ ದಾಟಿ ಜಮೀನು ಕೊಟ್ಟಿತು. ಜನ ಹೋದರು, ಕಲ್ಲಿನ ಮನೆ ಕಟ್ಟಿದರು, ಚರ್ಚು ಕಟ್ಟಿದರು, ಗೋಧಿ ಬಿತ್ತಿದರು. 1880ರಿಂದ ಮಳೆ ಕೈಕೊಟ್ಟಿತು. ಇವತ್ತು ಕ್ವಾರ್ನ್ ದಾಟಿ ಹಾಕರ್ ಕಡೆ ಹೋದರೆ ರಸ್ತೆಯ ಎರಡೂ ಕಡೆ ಚಾವಣಿ ಇಲ್ಲದ ಕಲ್ಲಿನ ಮನೆಗಳು. ಒಲೆ ಇದ್ದ ಗೋಡೆ, ಹೊಗೆ ಕೊಳವೆ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಗೆರೆಗಿಂತ ಮೊದಲೇ, 1850ರ ದಶಕದಲ್ಲೇ ಕಟ್ಟಿದ ಒಂದು ದೊಡ್ಡ ಕುರಿ ಸ್ಟೇಷನ್ನಿನ (ರೈಲಿನದ್ದಲ್ಲ, ಕುರಿ ಸಾಕುವ ದೊಡ್ಡ ಜಮೀನಿಗೆ ಇಲ್ಲಿ ಹಾಗನ್ನುತ್ತಾರೆ) ಅವಶೇಷಗಳೂ ಆ ದಾರಿಯಲ್ಲಿವೆ. ಅದರ ಹೆಸರು ಕನ್ಯಾಕಾ. ಬೋರ್ಡು ಓದಿದ ತಕ್ಷಣ ಅಪ್ಪ "ಕನ್ನಿಕಾ ಪರಮೇಶ್ವರಿನಾ?" ಅಂದರು. ಅದು ಇಲ್ಲಿನ ಮೂಲನಿವಾಸಿಗಳ ಮಾತಿನಿಂದ ಬಂದ ಹೆಸರು, ನಮ್ಮ ಅಮ್ಮನವರಿಗೆ ಸಂಬಂಧವಿಲ್ಲ. ಆದರೂ ಅಪ್ಪ ಚಪ್ಪಲಿ ಬಿಟ್ಟು ಆ ಕಲ್ಲು ಗೋಡೆಗಳ ನಡುವೆ ಹೋಗಿ ಬಂದರು. ಒಂದು ಕಾಲಕ್ಕೆ 70 ಕುಟುಂಬ ಇದ್ದ ಜಾಗವಂತೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಖಾಲಿ ಅಂತ ನಾವು ಹೇಳುವ ಈ ನೆಲ ಯಾವತ್ತೂ ಖಾಲಿ ಇರಲಿಲ್ಲ. ಅದ್ನ್ಯಮಥನ ಜನರ ನಾಡು ಇದು. ಗಾಯ್ಡರ್ ಗೆರೆ ಎಳೆಯುವ ಮೊದಲೂ ಎಲ್ಲಿ ನೀರಿದೆ, ಎಲ್ಲಿ ಇಲ್ಲ ಅಂತ ಅವರಿಗೆ ಗೊತ್ತಿತ್ತು. ವಿಲ್ಪೀನಾ ಅಂತ ಎಲ್ಲರೂ ಕರೆಯುವ ಆ ಬಟ್ಟಲಿನಂಥ ಬೆಟ್ಟಕ್ಕೆ ಅವರ ಹೆಸರು ಇಕಾರಾ. ಕೂಡುವ ಜಾಗ ಅಂತ ಅರ್ಥ. 2016ರಿಂದ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲೂ ಅದು ಸೇರಿದೆ.

ಕ್ವಾರ್ನಿನ ಊಟ

ಬೇಸಾಯ ಹೋದ ಮೇಲೂ ಈ ಊರುಗಳನ್ನು ಉಳಿಸಿದ್ದು ರೈಲು. ಅದಕ್ಕೇ ಅಪ್ಪನಿಗೆ ಈ ದಾರಿ ಇಷ್ಟವಾದದ್ದು. ಕ್ವಾರ್ನ್ ಒಂದು ಕಾಲಕ್ಕೆ ದೊಡ್ಡ ಜಂಕ್ಷನ್. ಉತ್ತರ ದಕ್ಷಿಣದ ಗಾಡಿ, ಪೂರ್ವ ಪಶ್ಚಿಮದ ಗಾಡಿ ಎರಡೂ ಇಲ್ಲಿ ಸೇರುತ್ತಿದ್ದವು. ಅರಸೀಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಗಾಡಿಗಳು ಈ ದಾರಿಯಲ್ಲೇ ಉತ್ತರಕ್ಕೆ ಹೋಗುತ್ತಿದ್ದವು. ಆಗ ಕಂಟ್ರಿ ವಿಮೆನ್ಸ್ ಅಸೋಸಿಯೇಷನ್ನಿನ ಊರ ಹೆಂಗಸರು ಗಾಡಿ ಇಳಿದು ಬರುವ ಸೈನಿಕರಿಗೆ ಅಡುಗೆ ಮಾಡಿ ಬಡಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಊಟ. ಒಂದು ಸಣ್ಣ ಊರು! ಆ ಲೆಕ್ಕ ಓದಿ ಅಪ್ಪ ಸ್ಟೇಷನ್ ಕಟ್ಟಡದ ಮುಂದೆ ಬಹಳ ಹೊತ್ತು ನಿಂತಿದ್ದರು. "ಎಷ್ಟು ಪಾತ್ರೆ ತೊಳೆದಿರಬೇಕು" ಅಂದರು. ಅಮ್ಮ ಹೋಗಿ ಆರು ವರ್ಷ ಆಗಿತ್ತು ಆಗ. ಪಾತ್ರೆ ತೊಳೆಯುವ ಕಷ್ಟ ಅಪ್ಪನಿಗೆ ಆಮೇಲೆ ಗೊತ್ತಾದದ್ದು.

1950ರ ದಶಕದಲ್ಲಿ ಹೊಸ ಲೈನು ಬೆಟ್ಟದ ಪಶ್ಚಿಮಕ್ಕೆ ಹೋಯಿತು. ಕ್ವಾರ್ನ್, ಹಾಕರ್ ಎರಡೂ ಬದಿಗೆ ಬಿದ್ದವು. 1980ರಲ್ಲಿ ಅಲಿಸ್ ಸ್ಪ್ರಿಂಗ್ಸಿಗೆ ಹೋಗುವ 'ಘಾನ್' ಗಾಡಿ ಇನ್ನೂ ಪಶ್ಚಿಮದ ಹೊಸ ದಾರಿಗೆ ಹೋಯಿತು. ಮರೀ ಅನ್ನುವ ಊರಿನಿಂದ ಉತ್ತರಕ್ಕಿದ್ದ ಸಣ್ಣ ಸ್ಟೇಷನ್ನುಗಳೆಲ್ಲ ಮುಚ್ಚಿದವು. ಉಳಿದದ್ದು ಲೀ ಕ್ರೀಕಿನ ಕಲ್ಲಿದ್ದಲು ಗಾಡಿ. ಎರಡು ಕಿಲೋಮೀಟರಿಗಿಂತ ಉದ್ದ. ಅದು ಪೋರ್ಟ್ ಅಗಸ್ಟಾದ ವಿದ್ಯುತ್ ಸ್ಥಾವರಕ್ಕೆ ಹೋಗುತ್ತಿತ್ತು. 2015ರಲ್ಲಿ ಗಣಿ ಮುಚ್ಚಿತು, ಮುಂದಿನ ವರ್ಷ ಸ್ಥಾವರವೂ. ಲೀ ಕ್ರೀಕಿನಲ್ಲಿ ನಾವು ಒಂದು ಗಂಟೆ ಓಡಾಡಿದೆವು. ಒಳ್ಳೆ ಟಾರು ಬೀದಿಗಳು, ಸಾಲಾಗಿ ಮನೆಗಳು, ಬಹಳಷ್ಟು ಮನೆಗಳಿಗೆ ಬೀಗ. ಪಾಳು ಬಿದ್ದ ಕಲ್ಲಿನ ಮನೆ ನೋಡಿದಾಗ ಆಗದ ಸಂಕಟ ನನಗೆ ಅಲ್ಲಿ ಆಯಿತು. ಯಾಕಂದರೆ ಕಿಟಕಿಗೆ ಇನ್ನೂ ಪರದೆ ಇತ್ತು.

ಈಗ ಈ ದಾರಿಯಲ್ಲಿ ಓಡುವ ಗಾಡಿ ಅಂದರೆ ನಾವು. ರೈಲು ಮಾಡುತ್ತಿದ್ದ ಕೆಲಸ ಕ್ಯಾರವಾನುಗಳ ಮೇಲೆ ಬಿದ್ದಿದೆ. ಆದರೆ ರೈಲಿನಲ್ಲಿ ಬಂದವರಿಗೆ ಹಸಿವಾಗುತ್ತಿತ್ತು. ಇಳಿಯಲೇಬೇಕಿತ್ತು. ನಮಗೆ ಇಳಿಯುವ ಅಗತ್ಯವೇ ಇಲ್ಲ. ಕ್ಯಾರವಾನ್ ಮಾಡುವವರು ಮಾರೋದೇ ಆ ಮಾತನ್ನು ಹೇಳಿ. ಯಾರನ್ನೂ ಏನೂ ಕೇಳದೆ ಎಷ್ಟು ದಿನ ಇರಬಹುದು ಅಂತ. ನಾವೂ ಕೊಳ್ಳುವಾಗ ಅದನ್ನೇ ಕೇಳಿದ್ದೆವು.

ಹಿಟ್ಟಿನ ಊರು

ಲಿಂಡ್‌ಹರ್ಸ್ಟ್ ದಾಟಿದ ಮೇಲೆ ಮಣ್ಣಿನ ರಸ್ತೆ. 26 ಕಿಲೋಮೀಟರ್ ಹೋದರೆ ಫರೀನಾ. ಲ್ಯಾಟಿನ್ನಿನಲ್ಲಿ ಫರೀನಾ ಅಂದರೆ ಹಿಟ್ಟು. 1878ರಲ್ಲಿ ಈ ಊರು ಕಟ್ಟುವಾಗ ಇಲ್ಲೆಲ್ಲ ಗೋಧಿ ಬೆಳೆಯುತ್ತದೆ ಅನ್ನೋ ನಂಬಿಕೆಯಿಂದ ಇಟ್ಟ ಹೆಸರು. ಗಾಯ್ಡರ್ ಗೆರೆ ಎಲ್ಲೋ ದಕ್ಷಿಣದಲ್ಲಿ ಉಳಿದಿತ್ತು. ಗೋಧಿ ಬೆಳೆಯಲಿಲ್ಲ. ರೈಲು ಇತ್ತು, ಸುತ್ತ ಸ್ವಲ್ಪ ಗಣಿ ಇತ್ತು, ಹಾಗಾಗಿ ಊರು ಒಂದಷ್ಟು ಕಾಲ ನಡೆಯಿತು. ಸುಮಾರು 600 ಜನ ಇದ್ದರು, ಎರಡು ಹೋಟೆಲು, ಶಾಲೆ, ಬೇಕರಿ. ಒಂಟೆ ಸಾಗಿಸುವವರೂ ಇದ್ದರು. ಆಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬು, ಸಿಂಧ್ ಕಡೆಯಿಂದ ಬಂದ ಅವರನ್ನೆಲ್ಲ ಇಲ್ಲಿಯವರು ಒಟ್ಟಾಗಿ 'ಆಫ್ಘನ್ನರು' ಅಂದರು. ಘಾನ್ ಗಾಡಿಯ ಹೆಸರು ಬಂದದ್ದೂ ಅವರಿಂದಲೇ ಅಂತಾರೆ. ಫರೀನಾದ ಸ್ಮಶಾನದಲ್ಲಿ ಅವರ ಗೋರಿಗಳು ಬೇರೆಯಾಗಿ ಒಂದು ಮೂಲೆಯಲ್ಲಿವೆ. ಈಗ ಊರಿನಲ್ಲಿ ಒಬ್ಬ ನಿವಾಸಿಯೂ ಇಲ್ಲ, ಗೋಡೆಗಳಿವೆ.

ಆದರೆ ಪ್ರತಿ ಚಳಿಗಾಲ ಕೆಲವು ವಾರ ಅಲ್ಲಿ ಬ್ರೆಡ್ ಬೇಯುತ್ತದೆ. ಹಳೆ ಬೇಕರಿಯ ಒಲೆ ನೆಲದ ಕೆಳಗಿದೆ, ಸೌದೆ ಒಲೆ. ದೇಶದ ಬೇರೆ ಬೇರೆ ಕಡೆಯಿಂದ ಸ್ವಯಂಸೇವಕರು ತಮ್ಮ ಖರ್ಚಿನಲ್ಲಿ ಬಂದು ಗೋಡೆಗಳನ್ನು ಕುಸಿಯದಂತೆ ಗಟ್ಟಿ ಮಾಡುತ್ತಾರೆ. ಬೇಕರಿ ಕೆಲಸ ಗೊತ್ತಿರುವವರು ನಸುಕಿನಲ್ಲಿ ಎದ್ದು ಹಿಟ್ಟು ನಾದುತ್ತಾರೆ. ಬ್ರೆಡ್ ಮಾರಿದ ದುಡ್ಡು ಮತ್ತೆ ಊರಿನ ಕಲ್ಲುಗಳಿಗೇ. ನಾವು ಬೆಳಿಗ್ಗೆ ಎದ್ದಾಗ ಕ್ಯಾಂಪಿನವರೆಗೂ ವಾಸನೆ ಬಂದಿತ್ತು. ಹೊರಗೆ ಮಂಜು, ಮೂರೋ ನಾಲ್ಕೋ ಡಿಗ್ರಿ. ಸಾಲಿನಲ್ಲಿ ನಿಂತೆವು. ನಮ್ಮ ಕ್ಯಾರವಾನಿನಲ್ಲಿ ಎರಡು ಪ್ಯಾಕೆಟ್ ಬ್ರೆಡ್ ಇತ್ತು. ಅವಲಕ್ಕಿ ನೆನೆಹಾಕಿದ್ದೆ. ಆದರೂ ಮೂರು ಬ್ರೆಡ್ಡು, ಆರು ಬನ್ನು ತಗೊಂಡೆ. ಬಿಸಿ ಬ್ರೆಡ್ಡನ್ನು ಅಪ್ಪ ಶಾಲಿನ ಒಳಗೆ ಎದೆಗೆ ಅವುಚಿಕೊಂಡು ನಡೆದರು. ಸಾಲಿನಲ್ಲಿ ನಮ್ಮ ಹಿಂದೆ ಇದ್ದ ಒಬ್ಬರು ನನ್ನ ಹತ್ರ ಮಾತಿಗೆ ಶುರು ಮಾಡಿದರು, ಇನ್ನೊಬ್ಬರು ಮಗಳಿಗೆ ಒಲೆ ತೋರಿಸೋಕೆ ಕರೆದುಕೊಂಡು ಹೋದರು. ನಮ್ಮ ಯಜಮಾನರು ಯಾರದೋ ಕ್ಯಾರವಾನಿನ ಬ್ರೇಕು ನೋಡೋಕೆ ಹೋದವರು ಒಂದು ಗಂಟೆ ಬರಲೇ ಇಲ್ಲ.

ಹೊರಟು ಐದು ದಿನ ಆಗಿತ್ತು, ಮೊದಲ ಸಲ ನಾವು ಜನರ ಜೊತೆ ಸರಿಯಾಗಿ ಮಾತಾಡಿದ್ದು ಅವತ್ತು. ಒಂದು ಬ್ರೆಡ್ಡಿಗೆ ನಿಂತದ್ದಕ್ಕೆ. ಬೇಕಾದದ್ದೆಲ್ಲ ಒಳಗೇ ಇದ್ದಾಗ ಬಾಗಿಲು ತೆಗೆಯುವ ಕಾರಣವೂ ಇರಲ್ಲ, ಅಲ್ವಾ?

ಮರೀಯಲ್ಲಿ ಮಳೆ

ಮರೀಯಲ್ಲಿ ಒಂದು ರಾತ್ರಿ ಅಂತ ಅಂದುಕೊಂಡಿದ್ದೆವು, ಮೂರು ರಾತ್ರಿ ಆಯಿತು. ಊರಿನವರು ಅದನ್ನು ದೊಡ್ಡ ಮಳೆ ಅನ್ನಲಿಲ್ಲ. ಆದರೆ ಅಲ್ಲಿನ ಮಣ್ಣಿಗೆ ಅಷ್ಟು ಸಾಕು. ಎರಡು ಹೆಜ್ಜೆ ಇಟ್ಟರೆ ಚಪ್ಪಲಿಗೆ ಇಟ್ಟಿಗೆ ಕಟ್ಟಿದ ಹಾಗೆ ಅಂಟುತ್ತದೆ. ರಸ್ತೆ ಮುಚ್ಚಿದ ಬೋರ್ಡು ಹಾಕಿದರು. ಮುಚ್ಚಿದ ರಸ್ತೆಯಲ್ಲಿ ಹೋದರೆ ಭಾರಿ ದಂಡ, ಮತ್ತೆ ರಸ್ತೆಯೂ ಹಾಳು. ಎಲ್ಲರೂ ಇದ್ದಲ್ಲೇ ಇದ್ದೆವು.

ಎರಡನೇ ದಿನ ಬೆಳಿಗ್ಗೆ ಗ್ಯಾಸಿನ ವಾಸನೆ. ಸೋಪಿನ ನೀರು ಹಚ್ಚಿ ನೋಡಿದರೆ ಸಿಲಿಂಡರಿನಿಂದ ಬರುವ ಪೈಪಿನ ಬುಡದಲ್ಲಿ ಗುಳ್ಳೆ. ಮುಚ್ಚಿಬಿಟ್ಟೆವು. ಹತ್ತು ಕೆಜಿ ಅಕ್ಕಿ ಇದೆ, ಬೇಳೆ ಇದೆ, ಒಲೆ ಇಲ್ಲ. ನಾನು ಅಂಗಡಿಗೆ ಹೋದೆ. ಅಲ್ಲಿ ಆ ಪೈಪು ಇರಲಿಲ್ಲ. ಆದರೆ ಅಂಗಡಿಯವರು ಇಬ್ಬರಿಗೆ ಫೋನು ಮಾಡಿದರು. ಅವರಲ್ಲಿ ಒಬ್ಬರು ಯಾರನ್ನೋ ಕೇಳಿ ನೋಡುತ್ತೇನೆ ಅಂದರಂತೆ. ಸಂಜೆ ಹೊತ್ತಿಗೆ ಒಬ್ಬರು ತಮ್ಮ ಶೆಡ್ಡಿನಲ್ಲಿದ್ದ ಹೊಸ ಪೈಪು ಹಿಡಿದುಕೊಂಡು ಕೆಸರಿನಲ್ಲಿ ನಡೆದು ಬಂದರು, ಕೂರಿಸಿ, ಸೋಪಿನ ನೀರು ಹಾಕಿ ನೋಡಿ, ಪೈಪಿನ ಬೆಲೆ ಮಾತ್ರ ತಗೊಂಡರು. ಮಧ್ಯಾಹ್ನ ಪಕ್ಕದ ಕ್ಯಾರವಾನಿನ ಗಂಡ ಹೆಂಡತಿ ತಮ್ಮ ಒಲೆ ಕೊಟ್ಟಿದ್ದರು. ಅದರ ಮೇಲೆ ಬಿಸಿಬೇಳೆಬಾತು ಮಾಡಿದೆ, ದೊಡ್ಡ ಕುಕ್ಕರಿನಲ್ಲಿ. ಅವರೂ ತಿಂದರು. ಖಾರ ಜಾಸ್ತಿ ಆಯ್ತಾ ಅಂದರೆ ಮೂಗು ಒರೆಸಿಕೊಂಡು ಇಲ್ಲ ಅಂತ ತಲೆ ಆಡಿಸಿದರು. ಪೈಪು ತಂದವರಿಗೂ ಒಂದು ಡಬ್ಬಿ ಕಟ್ಟಿಕೊಟ್ಟೆ.

ಅಪ್ಪ ಆ ಮೂರು ದಿನವೂ ಹಳೆ ಸ್ಟೇಷನ್ನಿನಲ್ಲೇ. ಮರೀ ಸ್ಟೇಷನ್ನಿಗೆ ಈಗ ಗಾಡಿ ಬರಲ್ಲ. ಪ್ಲಾಟ್‌ಫಾರಂ ಇದೆ, ಹಳೆ ಘಾನ್ ಗಾಡಿಯ ಡೀಸೆಲ್ ಎಂಜಿನ್ನುಗಳನ್ನು ನಿಲ್ಲಿಸಿದ್ದಾರೆ. ದಕ್ಷಿಣದಿಂದ ಬರುವ ದೊಡ್ಡ ಹಳಿ ಇಲ್ಲಿಗೆ ಮುಗಿದು ಇಲ್ಲಿಂದ ಸಣ್ಣ ಹಳಿ ಶುರುವಾಗುತ್ತಿತ್ತು. ಜನ, ಸಾಮಾನು ಎಲ್ಲಾ ಇಲ್ಲಿ ಇಳಿದು ಗಾಡಿ ಬದಲಾಯಿಸಬೇಕಿತ್ತು. ಅಪ್ಪ "ಗುಂತಕಲ್ಲಿನ ಹಾಗೆ" ಅಂದರು. ಹಳಿಯ ಒಂದು ಕಡೆ ಬಿಳಿಯರ ಮನೆಗಳು, ಇನ್ನೊಂದು ಕಡೆ ಒಂಟೆಯವರು ಮತ್ತು ಮೂಲನಿವಾಸಿಗಳು. ಹಾಗೆ ಹಂಚಿದ್ದ ಊರು ಅದು. ಒಂಟೆಯವರು ಪ್ರಾರ್ಥನೆ ಮಾಡುತ್ತಿದ್ದ ಹುಲ್ಲಿನ ಚಾವಣಿಯ ಮಸೀದಿಯ ಮಾದರಿಯೊಂದನ್ನು ಕಟ್ಟಿ ಇಟ್ಟಿದ್ದಾರೆ. ಅವರು ನೆಟ್ಟ ಖರ್ಜೂರದ ಮರಗಳು ಇನ್ನೂ ಇವೆ.

ಎರಡನೇ ದಿನ ಮಧ್ಯಾಹ್ನ ಟೀ ತಗೊಂಡು ಹೋದರೆ ಅಪ್ಪನ ಜೊತೆ ಬೆಂಚಿನ ಮೇಲೆ ಇನ್ನೊಬ್ಬರು ಕೂತಿದ್ದರು. ಎಪ್ಪತ್ತರ ಆಸುಪಾಸು. ಹುಡುಗನಾಗಿದ್ದಾಗ ಹಳೆ ಘಾನ್ ಲೈನಿನಲ್ಲಿ ಹಳಿ ರಿಪೇರಿ ಗ್ಯಾಂಗಿನಲ್ಲಿ ಇದ್ದವರಂತೆ. ಅಪ್ಪನ ಇಂಗ್ಲಿಷು ಆಫೀಸಿನ ಇಂಗ್ಲಿಷು, ಅವರದ್ದು ಇಲ್ಲಿಯ ಒಳನಾಡಿನ ಎಳೆಯುವ ಮಾತು. ಒಬ್ಬರದ್ದು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಅಪ್ಪ ಬಿದ್ದಿದ್ದ ಬೇಲಿ ತಂತಿಯ ತುಂಡೊಂದನ್ನು ಬಗ್ಗಿಸಿ ಬಳೆ ಮಾಡಿದ್ದರು. ಟೋಕನ್ ಕೊಡುವುದು ಹೇಗೆ ಅಂತ ತೋರಿಸುತ್ತಿದ್ದರು. ಓಡುವ ಗಾಡಿಯ ಡ್ರೈವರಿಗೆ ಸಿಗುವ ಹಾಗೆ ಬೆತ್ತದ ಬಳೆಯನ್ನು ಎತ್ತಿ ಹಿಡಿಯಬೇಕು, ಆ ಟೋಕನ್ ಇಲ್ಲದೆ ಮುಂದಿನ ಲೈನಿಗೆ ಹೋಗುವ ಹಾಗಿಲ್ಲ. 74 ವರ್ಷದ ಅಪ್ಪ ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಕೈ ಚಾಚಿ ನಿಂತರು. ಆ ಮನುಷ್ಯ ಹತ್ತು ಹೆಜ್ಜೆ ಹಿಂದೆ ಹೋಗಿ, ಗಾಡಿಯ ಹಾಗೆ ನಡೆದು ಬಂದು, ತೋಳು ತೂರಿಸಿ ಬಳೆ ತಗೊಂಡರು. ಇಬ್ಬರೂ ನಗಲಿಲ್ಲ. ಕೆಲಸ ಸರಿಯಾಗಿ ಆಯಿತು ಅನ್ನುವ ಹಾಗೆ ತಲೆ ಆಡಿಸಿದರು ಅಷ್ಟೇ. ಆಮೇಲೆ ಆತ ಪ್ರವಾಹದಲ್ಲಿ ಹಳಿ ಕೊಚ್ಚಿಹೋಗಿ ಗಾಡಿ ದಿನಗಟ್ಟಲೆ ನಿಂತ ಕಥೆಗಳನ್ನು ಹೇಳಿದರು. ಗಾಡಿಯಲ್ಲಿದ್ದವರು ಆಗ ಏನು ತಿನ್ನುತ್ತಿದ್ದರು ಅಂತ ಅಪ್ಪ ನನ್ನ ಕೈಲಿ ಕೇಳಿಸಿದರು.

"ಹತ್ತಿರದ ಊರಲ್ಲಿ ಏನಿರುತ್ತೋ ಅದು" ಅಂದರು.

ಈಗ

ವಾಪಸ್ಸು ಬರುವಾಗ ಅದೇ ಅಂಗಡಿಯ ಮುಂದೆ ನಿಲ್ಲಿಸಿದೆವು. ಭಾನುವಾರ, ಮುಚ್ಚಿತ್ತು. ಅಪ್ಪ ಇಳಿದು ಬಾಗಿಲವರೆಗೂ ಹೋಗಿ ಬಂದರು. ಸೆಪ್ಟೆಂಬರಿನಲ್ಲಿ ಅರಸೀಕೆರೆಗೆ ವಾಪಸ್ಸಾದರು. ಈಗ ಮಂಡಿ ನೋವು, ಇನ್ನೊಮ್ಮೆ ಅಷ್ಟು ದೂರದ ವಿಮಾನ ಹತ್ತುವುದು ಕಷ್ಟ.

ನಮ್ಮ ಪ್ರವಾಸ ನಿಂತಿಲ್ಲ. ಆದರೆ ಹೊರಡುವ ಹಿಂದಿನ ದಿನ ಅಡಿಲೇಡಿನ ಸೂಪರ್‌ಮಾರ್ಕೆಟ್ಟಿನಿಂದ ಗಾಡಿ ತುಂಬಿಸುವುದನ್ನು ಬಿಟ್ಟಿದ್ದೇವೆ. ಅಕ್ಕಿ, ಬೇಳೆ, ಪುಡಿಗಳು ಮಾತ್ರ ಇಲ್ಲಿಂದ, ಅವು ಅಲ್ಲಿ ಸಿಗಲ್ಲ. ಹಾಲು, ಬ್ರೆಡ್ಡು, ಮೊಟ್ಟೆ, ಆಲೂಗಡ್ಡೆ, ಈರುಳ್ಳಿ, ಡೀಸೆಲ್ಲು ದಾರಿಯಲ್ಲೇ. ಬೆಲೆ ಜಾಸ್ತಿ, ಹೌದು. ಎಷ್ಟೋ ಸಲ ತರಕಾರಿ ಬಾಡಿರುತ್ತದೆ. ಕೆಲವು ಸ್ನೇಹಿತರು ಇದರಿಂದ ಒಂದು ಊರು ಉಳಿಯುತ್ತಾ ಅಂತ ಕೇಳಿದ್ದಾರೆ. ಉಳಿಯಲ್ಲ, ನನಗೂ ಗೊತ್ತು. ಗಣಿ ಮುಚ್ಚಿದರೆ, ರೈಲು ಹೋದರೆ, ಮಳೆ ಕೈಕೊಟ್ಟರೆ ನನ್ನ ಒಂದು ಕೆಜಿ ಈರುಳ್ಳಿಯಿಂದ ಏನಾಗುತ್ತದೆ? ಆದರೆ ಲೋಟದಲ್ಲಿ ನೀರು ಕೊಟ್ಟವರ ಮುಂದೆ ಕೈಬೀಸಿಕೊಂಡು ಹೊರಟುಬಂದದ್ದು ನನಗೆ ಸರಿ ಕಾಣಲ್ಲ. ನಮ್ಮಜ್ಜಿ ಮನೆಗೆ ಬಂದವರು ಏನೂ ಬೇಡ ಅಂದರೆ ಒಂದು ಚೂರು ಬೆಲ್ಲವನ್ನಾದರೂ ಕೈಗಿಡುತ್ತಿದ್ದರು. ಬೇಡ ಅಂತ ಹೊರಟವರ ಮೇಲೆ ಅವರಿಗೆ ನಿಜವಾಗಿ ಬೇಜಾರಾಗುತ್ತಿತ್ತು.

ಹೋದ ವರ್ಷ ಏಪ್ರಿಲಿನಲ್ಲಿ ಮತ್ತೆ ಆ ಊರಿಗೆ ಹೋದೆವು. ಅಂಗಡಿ ತೆರೆದಿತ್ತು, ಅದೇ ಹೆಂಗಸು. ಕುರ್ಚಿಯೂ ಅಲ್ಲೇ ಗೋಡೆಗೆ ಒರಗಿಸಿತ್ತು. ಅಪ್ಪನ ವಿಷಯ ಹೇಳಿದೆ, ಹೀಗೆ ಒಬ್ಬರು ವಯಸ್ಸಾದವರು, ನೀವು ನೀರು ಕೊಟ್ಟಿದ್ದಿರಿ ಅಂತ. ಆಕೆಗೆ ನೆನಪಿರಲಿಲ್ಲ. ಎಷ್ಟು ಜನ ಬರುತ್ತಾರೆ, ಎಷ್ಟು ಜನಕ್ಕೆ ನೀರು ಕೊಟ್ಟಿರುತ್ತಾರೆ. ಒಂದು ಬ್ರೆಡ್ಡು, ಎರಡು ಲೀಟರ್ ಹಾಲು, ಈರುಳ್ಳಿ ತಗೊಂಡೆ. ಬೆಂಕಿಪೊಟ್ಟಣ ಕೇಳಿದೆ. ಹಿಂದಿನ ಕಪಾಟಿನಿಂದ ತೆಗೆದು, ಮೇಲಿನ ಧೂಳನ್ನು ಸೆರಗಿನಂಥ ತಮ್ಮ ಏಪ್ರನ್ನಿಗೆ ಒರೆಸಿ ಇಟ್ಟರು. ಮೈದಾನದ ನಲ್ಲಿ ಕೆಟ್ಟಿದೆ, ನೀರು ಬೇಕಿದ್ದರೆ ಹಿಂದಿನ ನಲ್ಲಿಯಲ್ಲಿ ಹಿಡಿದುಕೊಳ್ಳಿ ಅಂದರು. ಲೆಕ್ಕ ಕೂಡಿಸುತ್ತಾ, ತಲೆ ಎತ್ತದೆ, "ಇನ್ನೇನಾದ್ರೂ ಬೇಕಿತ್ತಾ?" ಅಂತ ಕೇಳಿದರು.

"ನೋಡ್ತೀನಿ" ಅಂದೆ. ಮತ್ತೆ ಒಳಗಿನ ಕಪಾಟುಗಳ ಕಡೆ ಹೋದೆ.